ನೀಲಿ ಪಂಪ್ ಬಿಟ್ಟೆ, ಒಂದೇ ಪಂಪಲ್ಲಿ ಉಬ್ಬಸ ಹಿಡಿತಕ್ಕೆ ಬಂತು: ನನ್ನ ಅನುಭವ

ಉಸಿರು ಬಿಗಿದಾಗ ಎಳೆಯೋ ನೀಲಿ ಪಂಪ್ (ಸಾಲ್ಬುಟಮಾಲ್) ಬಿಟ್ಟು, ಊತ ಇಳಿಸೋ ಸ್ಟೆರಾಯ್ಡೂ ಉಸಿರ್ನಾಳ ಹಿಗ್ಗಿಸೋ ಔಷಧಿಯೂ ಒಟ್ಟಿಗಿರೋ ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪ್ ಒಂದನ್ನೇ ಇಟ್ಟುಕೊಳ್ಳುತ್ತೇನೆ ಅಂದಾಗ ಡಾಕ್ಟರ್ ಒಬ್ಬರನ್ನು ಬಿಟ್ಟು ಎಲ್ಲರೂ ಬೇಡ ಅಂದರು. ರಾತ್ರಿ ಉಸಿರು ಸಿಕ್ಕಿಕೊಂಡರೆ ಏನು ಮಾಡ್ತೀಯ ಅಂತ ಅಕ್ಕ ಗದರಿದಳು. ಇಂಥ ಕಾಂಬಿನೇಷನ್ ಪಂಪ್ ಏನಿದ್ದರೂ ಬೆಳಗ್ಗೆ ಸಂಜೆಗೆ ಅಷ್ಟೇ ಅಂತ ಔಷಧಿ ಅಂಗಡಿಯವರು. ವರ್ಷದ ಮೇಲಾಯ್ತು, ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡೋ ನೆಬ್ಯುಲೈಸರ್ ಯಂತ್ರದ ಮುಖ ನೋಡಿಲ್ಲ.

ಮೊದಲು ಇದ್ದದ್ದು ಎರಡು ಪಂಪ್. ಸ್ಟೆರಾಯ್ಡ್ ಬೇರೆ, ಸಾಲ್ಬುಟಮಾಲ್ ಬೇರೆ. ಸ್ಟೆರಾಯ್ಡ್ ಎಳೆದರೆ ಆ ಕ್ಷಣಕ್ಕೆ ಏನೂ ಗೊತ್ತಾಗಲ್ಲ, ಹಾಗಾಗಿ ಕೈ ಹೋಗೋದು ನೀಲಿಗೇ. ಅದು ನಾಲ್ಕಾರು ಗಂಟೆ ಎದೆ ಸಡಿಲ ಮಾಡುತ್ತೆ, ಒಳಗಿನ ಊತ ಹಾಗೇ ಇರುತ್ತೆ. ತಿಂಗಳಿಗೊಂದು ಖಾಲಿಯಾಗುತ್ತಿತ್ತು. ವರ್ಷಕ್ಕೆ ಮೂರಾದರೇ ಅಟ್ಯಾಕ್ ಅಪಾಯ ಜಾಸ್ತಿ ಅನ್ನುತ್ತಾರೆ! ನೀಲಿ ಅಗ್ಗ, ನಿಜ. ಆದರೆ ಒಂದು ಅಟ್ಯಾಕ್ ಬಂದರೆ ನೆಬ್ಯುಲೈಸರ್, ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ, ಸಂಬಳವಿಲ್ಲದ ರಜೆ ಎಲ್ಲ ಸೇರಿ ನಾಲ್ಕೈದು ತಿಂಗಳ ಕಾಂಬಿನೇಷನ್ ದುಡ್ಡು ಒಂದೇ ವಾರದಲ್ಲಿ ಹೋಗುತ್ತಿತ್ತು.

ಆಮೇಲೆ ಸಾಲ್ಮೆಟೆರಾಲ್-ಫ್ಲುಟಿಕಸೋನ್, ಅದೂ ಇಂಥದ್ದೇ ಒಂದು ಕಾಂಬಿನೇಷನ್. ಇದರಲ್ಲಿ ತಕ್ಕಮಟ್ಟಿಗೆ ಆರಾಮ ಇತ್ತು, ಆದರೆ ನೆಗಡಿ ಬಂದಾಗ ಮತ್ತೆ ನೀಲಿಯೇ ಗತಿ. ಸಾಲ್ಮೆಟೆರಾಲ್ ಕೆಲಸ ಶುರು ಮಾಡೋಕೆ ಹತ್ತಿಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ಯಾರು ಕಾಯ್ತಾರೆ? ಫಾರ್ಮೊಟೆರಾಲ್ ಹಾಗಲ್ಲ. ಒಂದೆರಡು ನಿಮಿಷದಲ್ಲೇ ಶುರು, ಹನ್ನೆರಡು ಗಂಟೆ ಇರುತ್ತೆ. ಮುಖ್ಯವಾಗಿ, ಉಸಿರು ಬಿಗಿದು ಎಳೆದ ಪ್ರತಿ ಸಲವೂ ಜೊತೆಗೆ ಸ್ಟೆರಾಯ್ಡೂ ಒಳಗೆ ಹೋಗುತ್ತೆ. ಆಸ್ತಮಾಕ್ಕೆ ಬರೀ ನೀಲಿ ಸಾಲದು ಅಂತ ಗಿನಾ (ಜಾಗತಿಕ ಆಸ್ತಮಾ ತಜ್ಞರ ಸಂಸ್ಥೆ) ಮಾರ್ಗಸೂಚಿ 2019ರಲ್ಲೇ ಹೇಳಿತ್ತು.

ನನ್ನದು 200/6, ಅಂದರೆ ಒಂದು ಎಳೆತಕ್ಕೆ ಬುಡೆಸೊನೈಡ್ 200, ಫಾರ್ಮೊಟೆರಾಲ್ 6 ಮೈಕ್ರೊಗ್ರಾಂ. ಬೆಳಗ್ಗೆ ಒಂದು, ಸಂಜೆ ಒಂದು, ಬಿಗಿದಾಗ ಒಂದು. ದಿನಕ್ಕೆ ಎಂಟು ದಾಟಿದರೆ ಬನ್ನಿ, ಹನ್ನೆರಡು ದಾಟಲೇಬೇಡಿ ಅಂತ ಡಾಕ್ಟರ್ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಶುರುವಲ್ಲಿ ದಿನಕ್ಕೆ ಮೂರ್ನಾಲ್ಕು ಹೆಚ್ಚುವರಿ ಬೇಕಾಗಿ 120 ಡೋಸಿನ ಪಂಪ್ ಮೂರು ವಾರಕ್ಕೇ ಮುಗಿಯಿತು. ಜೇಬಿಗೆ ಜೋರು ಪೆಟ್ಟು, ಮನೆಯಲ್ಲಿ ಗೊಣಗಾಟ. ಎರಡನೇ ತಿಂಗಳಿಂದ ಇಳಿಯಿತು. ಈಗ ವಾರಕ್ಕೆ ಒಂದೆರಡು ಹೆಚ್ಚುವರಿ, ಪಂಪ್ ಹತ್ತಿರ ಹತ್ತಿರ ಎರಡು ತಿಂಗಳು ಬರುತ್ತೆ. ಬೆಳಗಿನ ಪೀಕ್ ಫ್ಲೋ (ಜೋರಾಗಿ ಊದಿದಾಗ ಗಾಳಿ ಹೊರಬರೋ ವೇಗ, ನಿಮಿಷಕ್ಕೆ ಲೀಟರಲ್ಲಿ) 280ರ ಆಸುಪಾಸಿನಿಂದ 400ರ ಹತ್ತಿರ. ಪೀಕ್ ಫ್ಲೋ ಎಷ್ಟಕ್ಕೆ ಇಳಿದರೆ ನಾನು ಎಚ್ಚರವಾಗುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹಾಕಲ್ಲ, ಅದು ನನ್ನ ಎದೆಯ ಲೆಕ್ಕ.

ನಡುವೆ ಒಂದಿಷ್ಟು ಚಪಲ ತೀರಿಸಿಕೊಂಡೆ. ಪಂಪಿನ ಡಬ್ಬಿಯನ್ನು ನೀರಲ್ಲಿ ತೇಲಿಸಿ ಎಷ್ಟು ಉಳಿದಿದೆ ನೋಡೋ ಹಳೇ ಉಪಾಯ ಸುಳ್ಳು, ಡೋಸ್ ಎಣಿಸೋ ಕೌಂಟರ್ ನೋಡಿ. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಕೊರೆದು ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡೋ ಕೊಳವೆ) ಮಾಡಿದೆ, ಚೆನ್ನಾಗೇ ನಡೆಯಿತು. ಗಾಳಿ ಸೋರದ ಹಾಗೆ ತೂತು ಹೇಗೆ ಅಂತ ಕೇಳಬೇಡಿ, ಅದು ನನ್ನ ಗುಟ್ಟು! ಅಂಗಡಿಯ ಸ್ಪೇಸರನ್ನು ಬಟ್ಟೆಯಲ್ಲಿ ಉಜ್ಜಿ ಒರೆಸಿದರೆ ಒಳಗೋಡೆಗೆ ಸ್ಥಿರ ವಿದ್ಯುತ್ ಬಂದು ಔಷಧಿ ಅಲ್ಲೇ ಅಂಟಿಕೊಳ್ಳುತ್ತೆ. ಸೋಪು ನೀರಲ್ಲಿ ಅದ್ದಿ, ತಾನೇ ಒಣಗಲು ಬಿಡಬೇಕು. ಪುಡಿಯ ಪಂಪಾದರೆ ಜೋರಾಗಿ ಒಂದೇ ಎಳೆತ, ಗ್ಯಾಸ್ ಪಂಪಾದರೆ ನಾಲ್ಕೈದು ಸೆಕೆಂಡ್ ನಿಧಾನ. ಇದನ್ನು ಅದಲುಬದಲು ಮಾಡಿಕೊಂಡು ಔಷಧಿಯನ್ನು ಬೈಯುವವರೇ ಜಾಸ್ತಿ. ಬೆಳಗ್ಗೆ ಸಂಜೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳೋದು ಗೊತ್ತಲ್ವಾ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಏಳುತ್ತೆ.

ನನ್ನದು ನೋಡಿ ದೊಡ್ಡಪ್ಪನೂ ಹೀಗೇ ಮಾಡಲು ಹೊರಟಿದ್ದರು. ಅವರದು ಆಸ್ತಮಾ ಅಲ್ಲ, ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬೀಡಿಯ ಫಲ. ಅಲ್ಲಿ ಈ ಪದ್ಧತಿ ಇಲ್ಲ. ಅವರಿಗೆ ಕೊಟ್ಟಿರೋದು ಉಸಿರ್ನಾಳ ಹಿಗ್ಗಿಸುವ ಎರಡು ಔಷಧಿಗಳ ಜೋಡಿ. ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಡಿಮೆ ಬಂತು ಅಂತ ಸ್ಟೆರಾಯ್ಡ್ ಸೇರಿಸಲಿಲ್ಲ, ಸೇರಿಸಿದರೆ ನ್ಯುಮೋನಿಯಾ ಭಯ ಬೇರೆ. ನೀಲಿ ಪಂಪ್ ಅವರ ಜೇಬಲ್ಲಿ ಈಗಲೂ ಇದೆ, ಇರಲೇಬೇಕು.