ತೊರ್ತೆಲ್ಲಿನಿ ಮಡಚುವಾಗ ಗಾಳಿಯ ಕಡೆ ಗಮನವಿರಲಿ
ಇಟಲಿಯ ಬೊಲೊನ್ಯಾ ಊರಿನ, ಹೂರಣ ತುಂಬಿದ ಪುಟ್ಟ ಪಾಸ್ತಾ ಆದ ತೊರ್ತೆಲ್ಲಿನಿಯನ್ನು ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಮಾಡಬಯಸುವವರು ಮೊದಲು ಹಿಟ್ಟಿನ ಹದವನ್ನು ನೋಡಿಕೊಳ್ಳಬೇಕೆಂದು ಕೋರುತ್ತೇನೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಅಲ್ಲಿನ ರೂಢಿಯ ಅಳತೆ; ಆದರೆ ಮಳೆಗಾಲದ ನಮ್ಮ ಕರಾವಳಿಯಲ್ಲಿ ಮೈದಾ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಕಣಕ ಕೈಗೆ ಅಂಟುತ್ತದೆ. ಆಗ ಒಂದೆರಡು ಚಮಚ ಮೈದಾ ಹೆಚ್ಚಿಗೆ ಸೇರಿಸಿ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಬೇಕು.

ತೆಳ್ಳಗೆ ಲಟ್ಟಿಸಿದ ಹಾಳೆಯನ್ನು 4 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಕಡಲೆಕಾಳಿನಷ್ಟು ಹೂರಣವಿಟ್ಟು ತ್ರಿಕೋನವಾಗಿ ಮಡಚಿ. ಹೂರಣದ ಸುತ್ತ ಬೆರಳಿನಿಂದ ಒತ್ತುತ್ತಾ ಒಳಗಿನ ಗಾಳಿಯನ್ನು ಪೂರ್ತಿ ಹೊರಹಾಕುವುದೇ ಈ ಕೆಲಸದ ಜೀವಾಳವೆಂಬುದು ನನ್ನ ಅನುಭವ, ಏಕೆಂದರೆ ಉಳಿದ ಗಾಳಿ ಕುದಿನೀರಿನಲ್ಲಿ ಹಿಗ್ಗಿ ಅಂಚನ್ನು ಬಿಚ್ಚುತ್ತದೆ. ಚೌತಿಗೆ ನೇವರಿ (ಕರ್ಜಿಕಾಯಿ) ಮಾಡಿ ಪಳಗಿದ ಕೈಗಳಿಗೆ ಈ ಒತ್ತುವಿಕೆ ಹೊಸತಲ್ಲ. ಆದರೆ ನೇವರಿಯಂತೆ ಅಂಚನ್ನು ಮುರಿಗೆ ಹಾಕಬಾರದು, ದಪ್ಪವಾದ ಭಾಗ ಸರಿಯಾಗಿ ಬೇಯುವುದಿಲ್ಲ. ಬಳಿಕ ತ್ರಿಕೋನವನ್ನು ಕಿರುಬೆರಳಿಗೆ ಸುತ್ತಿ, ಎರಡು ತುದಿಗಳನ್ನು ಒಂದರ ಮೇಲೊಂದು ತಂದು ಗಟ್ಟಿಯಾಗಿ ಒತ್ತಿ.

ಬೊಲೊನ್ಯಾದಲ್ಲಿ ಹೂರಣಕ್ಕೆ ಹಂದಿಮಾಂಸ ಬಳಸುತ್ತಾರೆ. ಮೊಟ್ಟೆ ತಿಂದರೂ ಮಾಂಸ ತಿನ್ನದವರು ಅದರ ಬದಲು ಪನೀರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಪೂರ್ತಿ ಬಸಿದ ಮೇಲೆಯೇ ಬಳಸಬೇಕು. ಒದ್ದೆ ಹೂರಣ ಹಾಳೆಯನ್ನು ಹರಿಯುತ್ತದೆ.