ಮರದ ಸ್ಕೀ, ತೊಗಲಿನ ಬೂಟು: ಮೂರನೇ ಚಳಿಗಾಲಕ್ಕೆ ಕೈಗೆ ಬಂತು

ಈ ಮಾರ್ಚ್‌ನಲ್ಲಿ ನಾರ್ವೆಯ ರೌಲಾಂಡ್ ಹತ್ತಿರ ಒಂದು ಇಳಿಜಾರಿನಲ್ಲಿ ಸಾಲಾಗಿ ಹನ್ನೆರಡು ಟೆಲಿಮಾರ್ಕ್ ತಿರುವು ತೆಗೆದೆ, ಒಂದು ಸಲವೂ ಬೀಳಲಿಲ್ಲ. ಟೆಲಿಮಾರ್ಕ್ ಅಂದರೆ ಹಿಮ್ಮಡಿ ಮೇಲೇಳಲು ಬಿಟ್ಟು, ಒಂದು ಕಾಲು ಮುಂದಿಟ್ಟು, ಹಿಂದಿನ ಮಂಡಿ ಬಗ್ಗಿಸಿ ತಿರುಗುವುದು. ಕಾಲಲ್ಲಿದ್ದದ್ದು ಹಳೇ ಬೊನ್ನಾ ಮರದ ಸ್ಕೀ, ನಡುವೆ 54 ಮಿಲಿಮೀಟರ್ ಆಸುಪಾಸು ಅಗಲ. ಬೂಟು ತೊಗಲಿನದು, ಕಾಲಿನ ಗಂಟು ಮುಚ್ಚುವಷ್ಟೇ ಎತ್ತರ. "ಪ್ಲಾಸ್ಟಿಕ್ ಬೂಟು ತಗೊಳ್ಳಿ, ಸುಮ್ನೆ ಮಂಡಿ ಹಾಳು ಮಾಡ್ಕೋಬೇಡಿ" ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಓಸ್ಲೋದ ಕನ್ನಡ ಗೆಳೆಯರು ಕೆಳಗೆ ನಿಂತು ನೋಡುತ್ತಿದ್ದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲ ಚಳಿಗಾಲ ಪೂರ್ತಿ ತಪ್ಪು ಜೋಡಿಯಲ್ಲೇ ಕಳೆಯಿತು. ಅದೇ ತೊಗಲಿನ ಬೂಟನ್ನು 85 ಮಿಲಿಮೀಟರ್ ಅಗಲದ ಹೊಸ ಸ್ಕೀಗೆ ಹಾಕಿದ್ದೆ. ಗಟ್ಟಿ ಹಿಮದಲ್ಲಿ ಪಾದ ಬೂಟಿನೊಳಗೇ ವಾಲುತ್ತದೆ, ಸ್ಕೀ ಮಾತ್ರ ಚಪ್ಪಟೆಯಾಗಿ ಜಾರಿಕೊಂಡು ಹೋಗುತ್ತದೆ, ಹಿಮ್ಮಡಿ ಹಲಗೆಯಿಂದ ಹೊರಗೆ ಬೀಳುತ್ತದೆ. ತಪ್ಪು ಬೂಟಿನದು ಅಂತ ಎಲ್ಲರೂ ಅಂದರು. ನನಗೆ ಮಾತ್ರ ತಪ್ಪು ಅಗಲದ್ದು ಅನಿಸಿತು. ಹಲಗೆ ಕಿರಿದಾದರೆ ಅಂಚು ಪಾದದ ಕೆಳಗೇ ಬರುತ್ತದೆ, ಮೆತ್ತನೆ ಬೂಟೂ ಅದನ್ನು ಓರೆ ಮಾಡಬಲ್ಲದು. ಟೆಲಿಮಾರ್ಕ್ ತಿರುವಿಗೆ ಹೆಸರಾದ ಮೊರ್ಗೆಡಾಲ್ ಊರಿನ ಸೋಂದ್ರೆ ನೂರ್‌ಹೈಮ್ 1868ರಲ್ಲಿ ಇಂದಿನ ಓಸ್ಲೋಗೆ ಬಂದು ಸ್ಪರ್ಧೆ ಗೆದ್ದಾಗ ಪ್ಲಾಸ್ಟಿಕ್ ಎಲ್ಲಿತ್ತು? ಹಿಮ್ಮಡಿ ಸುತ್ತ ಹೊಸೆದ ಎಳೆ ಕೊಂಬೆಯ ಕಟ್ಟು, ಅಷ್ಟೇ.

ಮೊದಲ ಮರದ ಜೋಡಿ ಸೆಕೆಂಡ್ ಹ್ಯಾಂಡ್, 400 ಕ್ರೋನರ್. ಆಸೆಗೆ ಬಿದ್ದು ಕ್ಯಾಂಬರ್, ಅಂದರೆ ಸ್ಕೀ ನಡುವಿನ ಬಿಲ್ಲಿನಂಥ ಬಾಗು, ನೋಡದೆ ತಂದೆ. ಎರಡನ್ನೂ ಅಡಿಗೆ ಅಡಿ ಸೇರಿಸಿ ಹಿಡಿದರೆ ನಡುವೆ ಕಾಗದ ತೂರುವಷ್ಟೂ ಜಾಗವಿಲ್ಲ. ಬಾಗು ಮತ್ತೆ ಬರಲಿ ಅಂತ ಮಧ್ಯೆ ಮರದ ತುಂಡು ಇಟ್ಟು ಕಟ್ಟಿ ಆವಿ ಕೊಟ್ಟೆ. ಮಾರನೇ ದಿನ ನೋಡಿದರೆ ಹಿಂತುದಿಯಲ್ಲಿ ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿದ್ದವು. ಹಳೇ ಅಂಟಿಗೆ ಆವಿ ಆಗುವುದಿಲ್ಲ, ದಯವಿಟ್ಟು ಮಾಡಬೇಡಿ. ಎರಡನೇ ಜೋಡಿಗೆ 700 ಹೋಯಿತು, ಅದರ ಲಿಗ್ನೋಸ್ಟೋನ್ (ಒತ್ತಿ ಗಟ್ಟಿ ಮಾಡಿದ ಮರ) ಅಂಚು ಒಂದು ಕಡೆ ಎರಡು ಇಂಚು ಮಾತ್ರ ಕಿತ್ತಿತ್ತು.

ಆಮೇಲೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ. ಹಳೇ ಸ್ಕ್ರೂ ತೂತುಗಳಿಗೆ ಐದು ನಿಮಿಷದ ಎಪಾಕ್ಸಿ ತುಂಬಿ ಮೂರು ಪಿನ್ನಿನದನ್ನು ಕೂರಿಸಿದೆ, ಆ ಪಿನ್ನುಗಳು ಬೂಟಿನ ಮುಂತುದಿಯ ಅಡಿಯ ತೂತುಗಳಿಗೆ ಕೂರುತ್ತವೆ. ಓಸ್ಲೋ ಪಕ್ಕದ ನೂರ್‌ಮಾರ್ಕಾ ಕಾಡಿನಲ್ಲಿ ಮೂರೂ ಸ್ಕ್ರೂ ಒಟ್ಟಿಗೆ ಕಿತ್ತು ಬಂದವು, ಫ್ರೊಗ್ನರ್‌ಸೇತರನ್ ಸ್ಟೇಷನ್‌ವರೆಗೆ ಆರೇಳು ಕಿಲೋಮೀಟರ್ ಸ್ಕೀ ಹೆಗಲ ಮೇಲಿಟ್ಟು ಮೊಣಕಾಲು ಹಿಮದಲ್ಲಿ ನಡೆದೆ. ಈಗ ಬರ್ಚ್ ಮರದ ಬೆಣೆ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಎರಡು ದಿನ ಮುಟ್ಟುವುದಿಲ್ಲ. ಪಿನ್ನಿನ ಸಾಲನ್ನು ತೂಕದ ಮಧ್ಯಕ್ಕಿಂತ ಸ್ವಲ್ಪ ಆಚೀಚೆ ಇಟ್ಟಿದ್ದೇನೆ, ಎಷ್ಟು ಅಂತ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಸೀಸನ್ ಹಿಡಿದಿದೆ.

ಸ್ಕೀ ಅಡಿಗೆ ನೀರು ಹೀರದಂತೆ ಟಾರು ಬಳಿಯುವುದು ನನಗೆ ಅತಿ ಇಷ್ಟದ ಕೆಲಸ. ತೆಳು ಮಾಡಿದ ಅಗ್ಗದ ಡಬ್ಬಿ ಒಂದು ವಾರವಾದರೂ ಅಂಟಂಟಾಗಿಯೇ ಉಳಿಯಿತು. ಗೂಡಿನಲ್ಲಿ ಸುಟ್ಟು ತೆಗೆದ ಪೈನ್ ಟಾರನ್ನೇ ತನ್ನಿ. ಬಳಿದು ಹೀಟ್ ಗನ್ ಹಿಡಿದರೆ ಮೊದಲು ಕಪ್ಪಗೆ ಹೊಳೆಯುತ್ತದೆ, ಆಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಆ ಗುಳ್ಳೆ ಕಂಡ ಕೂಡಲೇ ಮುಂದೆ ಸರಿಯಬೇಕು, ಬಟ್ಟೆಯಲ್ಲಿ ಒರೆಸಬೇಕು. ಒಂದು ಕ್ಷಣ ಜಾಸ್ತಿಯಾದರೆ ಮರವೇ ಸುಡುತ್ತದೆ, ನನ್ನ ಎಡ ಸ್ಕೀ ಮೇಲೆ ಅಂಗೈ ಅಗಲದ ಕಂದು ಮಚ್ಚೆ ಇನ್ನೂ ಇದೆ. ಮೂರನೇ ಸಲ ಬಳಿಯಲು ನಾನೊಂದು ಮಿಶ್ರಣ ಮಾಡುತ್ತೇನೆ, ಅದು ನನ್ನ ಬಳಿಯೇ ಇರಲಿ. ಮೇಲೆ ಹಿಮದಲ್ಲಿ ಹಿಡಿತ ಕೊಡುವ ಹಸಿರು ವ್ಯಾಕ್ಸ್ ತೆಳ್ಳಗೆ, ಅದರ ಮೇಲೆ ದಿನದ ಚಳಿ ನೋಡಿಕೊಂಡು ನೀಲಿ.

ಬೂಟಿಗೆ 500, ಅಡಿ ಹೊಲಿಸಲು 900 ಆಯಿತು. ನಡುವೆ ಒಂದು ಪ್ರಯೋಗ ಮಾಡಿದೆ. ದಾವಣಗೆರೆಯಿಂದ ಅತ್ತೆ ಕಳಿಸಿದ ಹರಳೆಣ್ಣೆ ಇತ್ತು, ಊರಲ್ಲಿ ಅಜ್ಜ ಚಪ್ಪಲಿಗೆ ಹಚ್ಚುತ್ತಿದ್ದರು ಅಲ್ವಾ, ಅಂತ ಪೂರ್ತಿ ಬೂಟಿಗೆ ಹಚ್ಚಿದೆ. ತೊಗಲು ಎಷ್ಟು ಮೆತ್ತಗಾಯಿತೆಂದರೆ ಪಕ್ಕಕ್ಕೆ ಆಸರೆಯೇ ಹೋಯಿತು, ಎರಡು ವಾರ ಒಣಗಿಸಬೇಕಾಯಿತು. ಈಗ ಬೆರಳ ಹತ್ತಿರ ಮಡಚುವ ಗೆರೆಗೆ ಮಾತ್ರ ಹರಳೆಣ್ಣೆ, ಉಳಿದ ಕಡೆ ಜೇನುಮೇಣ. ಆ ಮಡಿಕೆ ಇದರಿಂದ ಒಡೆಯದೆ ಉಳಿದಿದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ.

ಇಳಿಯುವಾಗ ಹಿಂದಿನ ಕಾಲನ್ನು ಮರೆಯಬೇಡಿ. ಪ್ಲಾಸ್ಟಿಕ್‌ನಲ್ಲಿ ಮುಂಗಾಲೇ ಎಳೆದುಕೊಂಡು ಹೋಗುತ್ತದೆ, ತೊಗಲಿನಲ್ಲಿ ಹಿಂದಿನ ಪಾದದ ಕಿರುಬೆರಳ ಬುಡ ಹಿಮ ಒತ್ತುವುದು ಗೊತ್ತಾಗಬೇಕು. ಕಾಲು ಬದಲಿಸುವುದನ್ನು ಬೇಗ ಶುರು ಮಾಡಿ, ಹೆಜ್ಜೆ ಚಿಕ್ಕದಾಗಿರಲಿ. ಇದು ಕೈಗೆ ಬಂದ ದಿನ ಮನೆಗೆ ಬಂದು ನಿದ್ದೆ ಬರಲಿಲ್ಲ.

ಹಾಳಾದ ಜೋಡಿ, ಬೈಂಡಿಂಗ್, ಟಾರು ಎಲ್ಲ ಸೇರಿ 3,400 ಕ್ರೋನರ್ ಆಗಿರಬೇಕು. ನಾನು ನೋಡಿದ ಪ್ಲಾಸ್ಟಿಕ್ ಬೂಟು ಒಂದಕ್ಕೇ 6,000ದ ಮೇಲಿತ್ತು. ಬಲ ಬೂಟಿನ ಪಿನ್ ತೂತು ಮಾತ್ರ ಸಡಿಲವಾಗುತ್ತಿದೆ, ಮುಂದಿನ ವಾರ ಕೆಳಗೆ ಹಿತ್ತಾಳೆ ತಗಡು ಕೂರಿಸಬೇಕು.