ನೀರುದೋಸೆ ಬಿಡಲಿಲ್ಲ, ಜೊತೆಗೆ ಬಡಿಸುವುದನ್ನು ಬದಲಾಯಿಸಿದೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ನಮ್ಮ ಮನೆಗಳಲ್ಲಿ ಬೆಳಗಿನ ತಿಂಡಿ ಎಂದರೆ ಅಕ್ಕಿಯೇ. ನೀರುದೋಸೆ, ಸೇಮಿಗೆ ಎಂಬ ಅಕ್ಕಿ ಶಾವಿಗೆ, ಕೊಟ್ಟಿಗೆ ಎಂಬ ಎಲೆಯಲ್ಲಿ ಬೇಯಿಸಿದ ಕಡುಬು. ಜೊತೆಗೆ ಕಾಯಿಬೆಲ್ಲ, ಸಕ್ಕರೆ ಹಾಕಿದ ಚಹಾ. ತೋಟದಲ್ಲಿ ಮಧ್ಯಾಹ್ನದವರೆಗೆ ದುಡಿಯುವವರಿಗೆ ಅದು ಸರಿ. ಬಸ್ಸಿನಲ್ಲಿ ಕೂತು, ಶಾಲೆಯಲ್ಲಿ ಕೂತು, ಸಂಜೆ ಟ್ಯೂಶನ್ನಿನಲ್ಲಿ ಪುನಃ ಕೂರುವ ಮಕ್ಕಳಿಗೆ ಅಲ್ಲ.

ಹತ್ತನೇ ತರಗತಿಯ ನನ್ನ ಮಗಳ ಕುತ್ತಿಗೆಯ ಹಿಂಭಾಗ ಕಪ್ಪಾಗಿತ್ತು. ಅದು ತಿಕ್ಕಿ ತೊಳೆದರೆ ಹೋಗುವ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕಾಣಿಸಿಕೊಳ್ಳುವ ಗುರುತು ಎಂದರು ಡಾಕ್ಟರು. ಖಾಲಿ ಹೊಟ್ಟೆಯ ಸಕ್ಕರೆ 108 ಇತ್ತು. ನೂರರೊಳಗಿರಬೇಕು, 126 ಮುಟ್ಟಿದರೆ ಮಧುಮೇಹದ ಲೆಕ್ಕ. ಪ್ರಾಯಕ್ಕೆ ಬರುವಾಗ ಇನ್ಸುಲಿನ್ನಿನ ಬಲ ಎಲ್ಲ ಮಕ್ಕಳಲ್ಲೂ ಸ್ವಲ್ಪ ಕುಗ್ಗುತ್ತದೆ, ತೂಕವೂ ಸೇರಿದರೆ ಇನ್ನಷ್ಟು. "ಇನ್ನೂ ಉದ್ದ ಬೆಳೆಯುವ ಮಗು. ತೂಕ ಇಳಿಸುವುದು ಬೇಡ, ಇದ್ದಲ್ಲೇ ನಿಂತರೆ ಸಾಕು" ಎಂದರು.

ಮಗಳ ಹಟ ಬೇರೆಯೇ: "ಬೆಳಗ್ಗೆ ಏನೂ ಬೇಡಮ್ಮ." ನಾನು ಒಪ್ಪಲಿಲ್ಲ. ತಿಂಡಿ ಬಿಟ್ಟ ಮಕ್ಕಳು ಹನ್ನೊಂದು ಗಂಟೆಗೆ ಬನ್ಸ್, ಗೋಳಿಬಜೆಗೆ ಕೈಹಾಕುತ್ತಾರೆ, ಸಂಜೆ ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಹೆದರ್ ಲೀಡಿ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಮಕ್ಕಳದ್ದೇ: ತೂಕ ಹೆಚ್ಚಿದ್ದ, ತಿಂಡಿ ಬಿಡುವ ಅಭ್ಯಾಸದ ಹದಿಹರೆಯದವರು. 12 ವಾರ ಒಂದು ಗುಂಪಿಗೆ 13 ಗ್ರಾಂ ಪ್ರೊಟೀನಿನ ತಿಂಡಿ, ಇನ್ನೊಂದಕ್ಕೆ 35 ಗ್ರಾಮಿನದ್ದು. ಎರಡೂ 350 ಕ್ಯಾಲೊರಿಯವೇ. ಮೂರನೆಯ ಗುಂಪು ಮೊದಲಿನಂತೆ ತಿಂಡಿ ಬಿಟ್ಟಿತು. ಪ್ರೊಟೀನು ಹೆಚ್ಚು ತಿಂದವರಲ್ಲಿ ಕೊಬ್ಬು ಏರಲಿಲ್ಲ, ದಿನದ ಊಟ ತಾನಾಗಿ ಸುಮಾರು 400 ಕ್ಯಾಲೊರಿ ಕಡಿಮೆಯಾಯಿತು.

ಮೊಟ್ಟೆ ತಿನ್ನದ ನಮ್ಮ ಅಡಿಗೆಮನೆಯಲ್ಲಿ 35 ಗ್ರಾಂ ಸುಲಭವಲ್ಲ. ಇಪ್ಪತ್ತರ ಆಚೆ ಹೋದರೂ ಒಳ್ಳೆಯದೇ ಎಂದುಕೊಂಡೆ. ರಾತ್ರಿ ನೆನೆಹಾಕಿ ಬೇಯಿಸಿದ ಕಡಲೆ ಒಂದು ಕಪ್ಪಿನಲ್ಲಿ ಹದಿನಾಲ್ಕು ಗ್ರಾಂ ಸಿಗುತ್ತದೆ, ಒಂದು ಲೋಟ ಹಾಲಿನಲ್ಲಿ ಆರೇಳು. ಹಾಗಾಗಿ ಕಾಯಿಬೆಲ್ಲದ ಜಾಗಕ್ಕೆ ಕಡಲೆ ಗಸಿ (ಕಾಯಿ ಅರೆದು ಹಾಕಿದ ದಪ್ಪ ಪದಾರ್ಥ) ಬಂತು, ಚಹಾದ ಜಾಗಕ್ಕೆ ಸಕ್ಕರೆ ಹಾಕದ ಹಾಲುಕಷಾಯ. ಉದ್ದಿನ ದೋಸೆಗೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕುತ್ತಿದ್ದವಳು ಅಕ್ಕಿಯನ್ನು ಎರಡು ಪಾಲಿಗಿಳಿಸಿದೆ. ಹುಳಿ ಬರಲು ತಡವಾಗುವುದಿಲ್ಲ, ದೋಸೆಯೂ ಮೆದು. ವಾರದಲ್ಲಿ ಒಮ್ಮೆ ಹೆಸರಿನ ದೋಸೆ. ಮೊಟ್ಟೆ ತಿನ್ನುವ ಮನೆಯವರಿಗೆ ಇದೆಲ್ಲ ಇನ್ನೂ ಹಗುರ, ಎರಡು ಮೊಟ್ಟೆಯಲ್ಲೇ ಹನ್ನೆರಡು ಗ್ರಾಂ ಬಂತು.

"ಬೆಳವ ಕೂಸಿಂಗೆ ಎರಡೇ ದೋಸೆಯಾ?" ಎಂದು ಅತ್ತೆಗೆ ದೋಸೆ ಎರಡಕ್ಕಿಳಿದ ಬೇಸರ. ಗಸಿ ಎಷ್ಟು ಬೇಕಾದರೂ ಬಡಿಸಿ ಅತ್ತೆ, ಅದಕ್ಕೆ ಲೆಕ್ಕವಿಲ್ಲ ಎಂದೆ. ಅವರೇ ಮುಂದೆ ನಿಂತು ಬಡಿಸತೊಡಗಿದರು.

ಬಟ್ಟಲಿನಲ್ಲಿ ಕ್ರಮವೂ ಮುಖ್ಯ. ಮೊದಲು ಅರ್ಧ ಗಸಿ, ಆಮೇಲೆ ದೋಸೆ. ಪ್ರೊಟೀನು, ನಾರು ಮೊದಲು ಹೋದರೆ ಅಕ್ಕಿಯ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಎರಡು ಭಾನುವಾರ ಒಂದೇ ಅಳತೆಯ ನೀರುದೋಸೆ ಕೊಟ್ಟು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದೆವು: ಕಾಯಿಬೆಲ್ಲದ ಜೊತೆ 158, ಗಸಿಯ ಜೊತೆ 124. ನನ್ನ ಮಾತಿಗಿಂತ ಆ ಅಂಕಿಯೇ ಮಗಳನ್ನು ಒಪ್ಪಿಸಿತು. ಬೆಳಗ್ಗೆ ತಿಂದ ಕಾಳು ಮಧ್ಯಾಹ್ನದ ಅನ್ನದ ಏರಿಕೆಯನ್ನೂ ತಗ್ಗಿಸುತ್ತದೆ.

ಹಲಸಿನ ಕಾಲದಲ್ಲಿ ಹಣ್ಣಿನ ಕೊಟ್ಟಿಗೆ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಗಸಿಯ ನಂತರ ಒಂದು ತುಂಡು, ಆಮೇಲೆ ಬಸ್ ಸ್ಟಾಪಿಗೆ ನಡೆದೇ ಹೋಗುವುದು.

ವರ್ಷ ಕಳೆಯುವಾಗ ಅವಳ ತೂಕ ಅಲ್ಲೇ ನಿಂತಿದೆ, ಉದ್ದ ಏರಿದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9ರಿಂದ 5.6ಕ್ಕೆ ಇಳಿದಿದೆ. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿಲ್ಲ, ತೆಳುವಾಗಿದೆ. ನಿಮ್ಮ ಮಗು ಈಗಾಗಲೇ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುತ್ತಿದ್ದರೆ ತಿಂಡಿ ಬದಲಿಸುವ ಮೊದಲು ಡಾಕ್ಟರಲ್ಲಿ ಕೇಳಿ. ಅಕ್ಕಿ ಕಡಿಮೆಯಾಗಿ ಮದ್ದು ಅಷ್ಟೇ ಇದ್ದರೆ ಸಕ್ಕರೆ ತೀರಾ ಇಳಿದುಬಿಡಬಹುದು.